ಚಾಸಿಸ್ ನಂಬರಿನ ಬೆನ್ನು ಹತ್ತಿ: ತಂದೆಯವರ ಫಿಯೆಟ್ ಹುಡುಕಿದ ಕೆಲಸದ ದಾಖಲೆ

ಮೂವತ್ತು ವರ್ಷಗಳ ಹಿಂದೆ ಮಾರಿದ ಕಾರನ್ನು ಹುಡುಕಲು ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಬಣ್ಣ, ಒಂದು ನಂಬರ್ ಪ್ಲೇಟು ಮತ್ತು ಒಂದಿಷ್ಟು ನೆನಪು. ಇವುಗಳಲ್ಲಿ ಬಣ್ಣವನ್ನು ನಂಬುವಂತಿಲ್ಲ; ನಾಲ್ಕು ಮಾಲೀಕರ ಕೈ ದಾಟಿದ ಗಾಡಿ ನಾಲ್ಕು ಬಣ್ಣಗಳನ್ನೂ ಬಳಿಸಿಕೊಂಡಿರುತ್ತದೆ. ನಂಬರ್ ಪ್ಲೇಟನ್ನು ಬಿಚ್ಚಿ ಯಾವ ಗಾಡಿಗೆ ಬೇಕಾದರೂ ಕೂಡಿಸಬಹುದು. ಎಂಜಿನ್ ಬದಲಾದ ದಿನವೇ ಎಂಜಿನ್ ನಂಬರೂ ಹೊರಟುಹೋಗುತ್ತದೆ. ಕೊನೆಗೆ ಉಳಿಯುವುದು ಪ್ರತಿ ಗಾಡಿಗೂ ಬೇರೆಬೇರೆಯಾಗಿ ತಗಡಿನ ಮೇಲೆ ಹೊಡೆದ ಚಾಸಿಸ್ ನಂಬರ್ ಒಂದೇ. ನಮ್ಮ ತಂದೆಯವರು 1992ರಲ್ಲಿ ಮಾರಿದ ಫಿಯೆಟ್ ಕಾರನ್ನು ಹುಡುಕಿ ದಾವಣಗೆರೆಗೆ ತಂದು, ಅದರ ಎಂಜಿನ್ ಮತ್ತೆ ತಿರುಗುವಷ್ಟು ಕೆಲಸ ಮಾಡಿಸಿದ ವಿವರವನ್ನು ಇಲ್ಲಿ ಬರೆದಿದ್ದೇನೆ. ಇಂಥದೇ ಹುಡುಕಾಟಕ್ಕೆ ಇಳಿಯುವವರು ಎಲ್ಲಕ್ಕಿಂತ ಮೊದಲು ಚಾಸಿಸ್ ನಂಬರನ್ನು ಸಂಪಾದಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಡಿಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯು 1964ರಿಂದ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದ ಕಾರೇ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು; ಈ ಎರಡು ಹೆಸರುಗಳ ನಡುವೆ ಸ್ವಲ್ಪ ಕಾಲ ಅದು ಪ್ರೀಮಿಯರ್ ಪ್ರೆಸಿಡೆಂಟ್ ಎಂದು ಕರೆಸಿಕೊಂಡಿತ್ತು. ನಮ್ಮದು 1973ರಲ್ಲಿ ಚಿತ್ರದುರ್ಗದಲ್ಲಿ ನೋಂದಣಿಯಾದ ಪ್ರೆಸಿಡೆಂಟ್. ಆದರೆ ನಮ್ಮ ಕಡೆ ಯಾರೂ ಅದನ್ನು ಆ ಹೆಸರಿನಿಂದ ಕರೆದದ್ದಿಲ್ಲ, ಮೂರಕ್ಕೂ ಫಿಯೆಟ್ ಎಂಬುದೇ ಹೆಸರು. 1089 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಲಿವರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಹಿಂದೆ ಪಟ್ಟಿ ಸ್ಪ್ರಿಂಗ್. ಹತ್ತಿ ವ್ಯಾಪಾರದ ದಲಾಲಿ ಅಂಗಡಿ ಇಟ್ಟಿದ್ದ ತಂದೆಯವರು 1979ರಲ್ಲಿ ಇದನ್ನು ಸೆಕೆಂಡ್ ಹ್ಯಾಂಡಾಗಿ ಕೊಂಡು, ಜಗಳೂರು, ಹರಪನಹಳ್ಳಿಗಳ ಕಡೆ ಹತ್ತಿ ನೋಡಲು ಇದರಲ್ಲೇ ತಿರುಗಾಡಿ, ಕೊನೆಗೆ ಮಾರುತಿ 800 ಕೊಳ್ಳುವ ಸಲುವಾಗಿ ಬ್ರೋಕರ್ ಒಬ್ಬರ ಮೂಲಕ ಮಾರಿದ್ದರು.

ಆರ್‌ಸಿ ಬುಕ್ ಕೊಂಡವರ ಜೊತೆ ಹೋಗಿತ್ತು, ಅದು ಸಹಜ. ಆದರೆ ದಲಾಲಿ ಅಂಗಡಿಯವರು ಕಾಗದವನ್ನು ಸುಲಭಕ್ಕೆ ಎಸೆಯುವವರಲ್ಲ. ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳ ನಡುವೆ ಒಂದು ಫೈಲಿನಲ್ಲಿ ಗ್ಯಾರೇಜಿನ ಬಿಲ್ಲುಗಳು, ವಿಮಾ ಪಾಲಿಸಿಗಳು ಮತ್ತು ಮಾರಾಟದ ದಿನದ ಡೆಲಿವರಿ ನೋಟಿನ ಕಾರ್ಬನ್ ಪ್ರತಿ ಸಿಕ್ಕಿದವು. ಡೆಲಿವರಿ ನೋಟಿನಲ್ಲಿ ತಾರೀಖಿನ ಜೊತೆಗೆ ಗಂಟೆ ನಿಮಿಷವನ್ನೂ ಬರೆದಿದ್ದರು. ಗಾಡಿ ಕೈಬಿಟ್ಟ ಮೇಲೆ ಅಪಘಾತವಾದರೆ ಹೊಣೆ ಯಾರದೆಂಬ ತಕರಾರು ಬಾರದಿರಲೆಂದು ಹೀಗೆ ಬರೆಯುವ ಪದ್ಧತಿ ಈಗಲೂ ಇದೆ. ಕೊಂಡವರ ಸಹಿಯನ್ನು ಓದಲಾಗಲಿಲ್ಲ, ವಿಳಾಸದಲ್ಲಿ ‘ಚನ್ನಗಿರಿ ತಾ.’ ಎಂಬುದಷ್ಟೇ ಕಾರ್ಬನ್ನಿನಲ್ಲಿ ಉಳಿದಿತ್ತು. ವಿಮಾ ಪಾಲಿಸಿಯಲ್ಲಿ ನೋಂದಣಿ ಸಂಖ್ಯೆ, ಎಂಜಿನ್ ನಂಬರ್, ಚಾಸಿಸ್ ನಂಬರ್ ಮೂರೂ ಟೈಪಾಗಿದ್ದವು. ಮನೆಯಲ್ಲಿ ಆರ್‌ಸಿಯ ಪ್ರತಿ ಇಲ್ಲವೆಂದು ಕೈಚೆಲ್ಲುವವರು ಹಳೆಯ ವಿಮಾ ಪಾಲಿಸಿಯನ್ನು ಹುಡುಕಬೇಕು. ಅದರಲ್ಲಿ ಬೇಕಾದದ್ದೆಲ್ಲ ಇರುತ್ತದೆ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಒಂದು ಅರ್ಜಿಯ ಪ್ರತಿಗೆ ಗೋಂದಿನಿಂದ ಅಂಟಿಸಿದ್ದ ಬೆರಳಗಲದ ಕಾಗದದ ಚೂರು. ಆರ್‌ಟಿಒ ಕೆಲಸ ಗೊತ್ತಿರುವವರಿಗೆ ಇದು ಪರಿಚಿತ. ಚಾಸಿಸ್ ನಂಬರಿನ ಮೇಲೆ ತೆಳುವಾದ ಕಾಗದವನ್ನು ಒತ್ತಿ ಹಿಡಿದು ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ, ಸುತ್ತಲಿನ ಜಾಗವೆಲ್ಲ ಬೂದುಬಣ್ಣಕ್ಕೆ ತಿರುಗಿ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಟೈಪಾದ ನಂಬರು ಬರಿ ಸಂಖ್ಯೆಯನ್ನು ಹೇಳಿದರೆ, ಈ ಪೆನ್ಸಿಲ್ ಪ್ರಿಂಟು ಆ ತಗಡಿನ ಮೇಲಿನ ಏಟುಗಳನ್ನೇ ತೋರಿಸುತ್ತದೆ. ನಮ್ಮ ಚೂರಿನಲ್ಲಿ ಒಂದು 7 ಬಲಕ್ಕೆ ವಾಲಿತ್ತು; ಒಂದು 3ರ ಕೆಳಗಿನ ಬಾಗು ಎರಡೆರಡಾಗಿ ಮೂಡಿತ್ತು, ಪಂಚ್ ಒಮ್ಮೆ ಜಾರಿ ಮತ್ತೆ ಏಟು ಬಿದ್ದಂತೆ. ಕೊನೆಯ ಎರಡು ಅಂಕಿಗಳ ನಡುವಿನ ಜಾಗ ಉಳಿದವುಗಳಿಗಿಂತ ಹೆಚ್ಚಿತ್ತು. ಅದನ್ನು ಸ್ಕ್ಯಾನ್ ಮಾಡಿಸಿ, ಅಳತೆ ತಪ್ಪದಂತೆ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿಕೊಂಡೆ. ಮುಂದೆ ನೋಡಿದ ಪ್ರತಿಯೊಂದು ಫಿಯೆಟ್‌ಗೂ ಇದೇ ಒರೆಗಲ್ಲಾಯಿತು.

ಮೊಬೈಲಿನ ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿದರೆ ದಾಖಲೆ ಇಲ್ಲವೆಂಬ ಉತ್ತರ ಬಂತು. ಇದರಿಂದ ಗಾಡಿ ಗುಜರಿಗೆ ಹೋಗಿದೆಯೆಂದು ತೀರ್ಮಾನಿಸಬೇಕಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದ ಮೇಲೆಯೇ ಕೆಎ ಸರಣಿಯ ಸಂಖ್ಯೆಗಳು ಬಂದದ್ದು. ಅದಕ್ಕೂ ಹಿಂದಿನ ಮೂರು ಅಕ್ಷರದ ಸಂಖ್ಯೆಯ ಗಾಡಿಗಳ ವಿವರ ಕೈಬರಹದ ರಿಜಿಸ್ಟರುಗಳಲ್ಲಿತ್ತು. ಗಣಕೀಕರಣದ ಹೊತ್ತಿಗೆ ತೆರಿಗೆ ಕಟ್ಟಿ, ವರ್ಗಾವಣೆ ಮಾಡಿಸಿಕೊಂಡು ಚಾಲ್ತಿಯಲ್ಲಿದ್ದ ಗಾಡಿಗಳ ವಿವರ ಕಂಪ್ಯೂಟರಿಗೆ ಏರಿತು. ಮೂಲೆಯಲ್ಲಿ ನಿಂತ ಗಾಡಿಯ ವಿವರ ಏರಬೇಕಾದರೆ ಯಾರಾದರೂ ಕಾಗದ ಹಿಡಿದುಕೊಂಡು ಹೋಗಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು.

ಆದ್ದರಿಂದ ಬಿ ರಿಜಿಸ್ಟರಿನ ದಾರಿ ಹಿಡಿಯಬೇಕಾಯಿತು. ವಾಹನದ ನೋಂದಣಿ, ವರ್ಗಾವಣೆ, ಸಾಲದ ನಮೂದು, ಬೇರೆ ಕಚೇರಿಗೆ ಕೊಟ್ಟ ನಿರಾಕ್ಷೇಪಣಾ ಪತ್ರ ಎಲ್ಲವೂ ಸೇರುವ ಈ ರಿಜಿಸ್ಟರಿನ ನಕಲನ್ನು ಕೋರ್ಟು ಕಚೇರಿಗಳಲ್ಲಿ ಬಿ ಎಕ್ಸ್‌ಟ್ರಾಕ್ಟ್ ಎಂದೇ ಕರೆಯುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಈಗಿನ ಮಾಲೀಕರ ಹೆಸರು, ವಿಳಾಸ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದರೆ, 2005ರ ಕಾಯ್ದೆಯ 8(1)(ಜೆ) ಕಲಮಿನ ಪ್ರಕಾರ ವೈಯಕ್ತಿಕ ಮಾಹಿತಿಯೆಂದು ನಿರಾಕರಿಸಬಹುದು, ನಿರಾಕರಿಸುವುದು ಸರಿಯೂ ಹೌದು. ಗೊತ್ತಿಲ್ಲದವರು ನಮ್ಮ ಮನೆಯ ವಿಳಾಸ ಕೇಳಿದರೆ ನಾವು ಒಪ್ಪುತ್ತೇವೆಯೇ? ಹಾಗಾಗಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದ ನನ್ನ ಅರ್ಜಿಯಲ್ಲಿ ವ್ಯಕ್ತಿಯ ವಿಷಯವನ್ನೇ ಎತ್ತಲಿಲ್ಲ. ಈ ಸಂಖ್ಯೆಯ ವಾಹನದ ನೋಂದಣಿ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಡಿ ರದ್ದಾಗಿದೆಯೇ, 1992ರ ನಂತರ ನಿರಾಕ್ಷೇಪಣಾ ಪತ್ರ ಕೊಟ್ಟಿದ್ದರೆ ಯಾವ ಕಚೇರಿಗೆ, ಯಾವ ವರ್ಷ ಎಂದಷ್ಟೇ ಕೇಳಿದೆ. ಜೊತೆಗೆ ಹಿಂದಿನ ಮಾಲೀಕರಾಗಿ ತಂದೆಯವರ ಸಹಿಯುಳ್ಳ ಪತ್ರ ಮತ್ತು ವಿಮಾ ಪಾಲಿಸಿಯ ಜೆರಾಕ್ಸ್ ಇಟ್ಟಿದ್ದೆ. ಬಂದ ಉತ್ತರ ಎರಡೇ ಸಾಲಿನದು: ರದ್ದಾದ ನಮೂದಿಲ್ಲ, ಪತ್ರ ಶಿವಮೊಗ್ಗಕ್ಕೆ ಹೋಗಿದೆ.

ಶಿವಮೊಗ್ಗ ಎಂದ ಕೂಡಲೇ ಡೆಲಿವರಿ ನೋಟಿನ ಚನ್ನಗಿರಿ ಅದಕ್ಕೆ ಸರಿಯಾಗಿ ಕೂತಿತು. ಈಗ ಚನ್ನಗಿರಿ ದಾವಣಗೆರೆ ಜಿಲ್ಲೆಯ ತಾಲ್ಲೂಕು. ಆದರೆ ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಹರಪನಹಳ್ಳಿ ಬಳ್ಳಾರಿಯಲ್ಲಿತ್ತು. ನಮ್ಮ ಭಾಗದಲ್ಲಿ ಹಳೆಯ ವಾಹನದ ಕಾಗದ ಹುಡುಕುವವರು ಈ ನಕ್ಷೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದಿದ್ದರೆ, ಈಗಿನ ಜಿಲ್ಲೆಯ ಕಚೇರಿಯಲ್ಲಿ ಇಲ್ಲದ ಫೈಲಿಗಾಗಿ ಕಾಯುತ್ತ ಕೂರಬೇಕಾಗುತ್ತದೆ. ಗಾಡಿ ಮಾರಿದ ವರ್ಷದಲ್ಲಿ ಕೊಂಡವರ ಊರು ಯಾವ ಜಿಲ್ಲೆಯಲ್ಲಿತ್ತೋ ಆ ಜಿಲ್ಲೆಯ ಕಚೇರಿಗೇ ಹೋಗಬೇಕು.

ಕಾಗದ ತನ್ನ ವೇಗದಲ್ಲಿ ಚಲಿಸುವಾಗ ಸುಮ್ಮನೆ ಕೂರಲಾಗದೆ ಗ್ಯಾರೇಜುಗಳಲ್ಲಿಯೂ ವಿಚಾರಿಸುತ್ತಿದ್ದೆ. ಪಿ.ಬಿ. ರಸ್ತೆಯ ಆಸುಪಾಸಿನ ಹಳೆಯ ಮೆಕ್ಯಾನಿಕ್‌ಗಳಲ್ಲಿ ಫಿಯೆಟ್ ಕೆಲಸ ಬಲ್ಲವರು ಈಗ ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬ ಹಿರಿಯರ ಮುಂದೆ ನಂಬರ್ ಹೇಳಿದಾಗ ಅವರು ತಲೆ ಎತ್ತಲೂ ಇಲ್ಲ. ‘ನಂಬರ್ ಯಾರಿಗ್ ನೆನಪಿರ್ತಾವ್ರೀ, ಮಾಡಿದ್ ಕೆಲ್ಸ ನೆನಪಿರ್ತೈತಿ. ಏನ್ ಕೆಲ್ಸ ಮಾಡ್ಸಿದ್ರಿ ಅದನ್ನ ಹೇಳ್ರಿ’ ಎಂದರು. ಗ್ಯಾರೇಜ್ ಬಿಲ್ಲುಗಳ ಕಟ್ಟನ್ನು ಅವರ ಮುಂದಿಟ್ಟೆ. ಗೇರ್ ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಲಿಂಕೇಜಿಗೆ ಹಿತ್ತಾಳೆ ಬುಷ್ (ಕೀಲಿನಲ್ಲಿ ಕೂರುವ ಬಳೆ) ಕಡೆಸಿದ ಬಿಲ್ಲನ್ನು ನೋಡಿದ ಕೂಡಲೇ ಅವರ ಮುಖಚಹರೆ ಬದಲಾಯಿತು. ಸ್ಟೀರಿಂಗ್ ಗೇರಿನ ಫಿಯೆಟ್‌ಗಳಲ್ಲಿ ಆ ಬುಷ್ ಸವೆದರೆ ಗೇರ್ ಎಲ್ಲಿ ಬೀಳುತ್ತದೆಂಬುದು ಗೊತ್ತಾಗುವುದಿಲ್ಲ, ಲಿವರ್ ಗಂಜಿಯಲ್ಲಿ ಸೌಟು ಆಡಿಸಿದಂತೆ ಆಡುತ್ತದೆ. ಮಾರ್ಕೆಟ್ಟಿನ ಬುಷ್ ಬೇಗ ಸವೆಯುವುದನ್ನು ಕಂಡು ಅವರ ಗುರುಗಳು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತಿನ ಮೇಲೆ ಹಿತ್ತಾಳೆಯ ಬುಷ್ ಕಡೆದು, ಹೊರಮೈಗೆ ಗ್ರೀಸ್ ನಿಲ್ಲಲೆಂದು ಒಂದು ಕಾಡಿ, ಅಂದರೆ ಸಣ್ಣ ತೋಡು, ತೆಗೆದು ಕೂಡಿಸುತ್ತಿದ್ದರಂತೆ. ಹಾಗೆ ಕಾಡಿ ತೆಗೆದು ಕೊಡುತ್ತಿದ್ದದ್ದು ತಮ್ಮ ಗ್ಯಾರೇಜಿನಲ್ಲಿ ಮಾತ್ರ ಎಂದು ಅವರು ಒತ್ತಿ ಹೇಳಿದರು. ಗಾಡಿ ಎಲ್ಲಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ, ಆದರೆ ಗುರುತಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಹುಡುಕುವ ಸುದ್ದಿ ಬ್ರೋಕರ್‌ಗಳ ಕಿವಿಗೆ ಬಿದ್ದರೆ ಗಾಡಿ ತಾನಾಗಿಯೇ ಬಂದು ನಿಲ್ಲುತ್ತದೆ. ಅದು ನಮ್ಮದೇ ಆಗಿರಬೇಕೆಂದಿಲ್ಲ, ಅಷ್ಟೆ. ಹರಿಹರದ ಹತ್ತಿರ ಒಂದು ಪ್ರೆಸಿಡೆಂಟ್ ಇದೆ, ಅದೇ ತಿಳಿ ಹಸಿರು ಬಣ್ಣ, ಹಿಂದುಗಡೆ ಅದೇ ಬ್ಯಾಡ್ಜ್, ಇದೇ ನಿಮ್ಮ ತಂದೆಯವರ ಗಾಡಿ ಎಂದು ಒಬ್ಬರು ಫೋಟೊ ಕಳಿಸಿದರು. ಹೋಗಿ ನೋಡಿದರೆ ಗಾಡಿ ನಿಜಕ್ಕೂ ಸೊಗಸಾಗಿತ್ತು. ಹಳೆಯ ಸಂಖ್ಯೆ ಅರ್ಧ ಅಳಿಸಿದ ಪ್ಲೇಟಿನಲ್ಲಿ ನಮ್ಮ ಸಂಖ್ಯೆಯ ಎರಡು ಅಂಕಿಗಳೂ ಕಾಣುತ್ತಿದ್ದವು. ಆದರೆ ಬ್ಯಾಡ್ಜ್ ಎರಡು ಪಿನ್ನಿನ ಮೇಲೆ ನಿಲ್ಲುವ ವಸ್ತು, ಬಣ್ಣ ಒಂದು ವಾರದ ಕೆಲಸ. ಬಾನೆಟ್ ಎತ್ತಿ, ಎಂಜಿನ್ನಿನ ಹಿಂಬದಿಯ ತಗಡಿನ ಮೇಲೆ ಪೆನ್ಸಿಲ್ ಪ್ರಿಂಟ್ ತೆಗೆದು ಪಾರದರ್ಶಕ ಹಾಳೆಯನ್ನು ಅದರ ಮೇಲಿಟ್ಟೆ. ಮೊದಲ ಅಂಕಿಗಳು ಒಂದೇ ಆಗಿದ್ದವು, ಕೊನೆಯವು ಬೇರೆ. ಅಷ್ಟಕ್ಕೇ ಆ ಅಧ್ಯಾಯ ಮುಗಿಯಿತು. ಬೆಲೆಯನ್ನು ಇಳಿಸುತ್ತೇನೆಂದು ಬ್ರೋಕರ್ ಬಹಳ ಹೊತ್ತು ಮಾತಾಡಿದರು, ‘ಅಂಥದ್ದೇ ಗಾಡಿ ಅಲ್ವಾ ಸಾರ್’ ಎಂದರು. ಅಂಥದ್ದೇ ಬೇಕಿದ್ದರೆ ಇಷ್ಟು ಕಾಗದ ಓದುವ ಅಗತ್ಯವೇ ಇರಲಿಲ್ಲ.

ಶಿವಮೊಗ್ಗದ ದಾಖಲೆಯಲ್ಲಿದ್ದ ಮಾಲೀಕರ ಮನೆಯವರನ್ನು ತಂದೆಯವರ ಅಡಿಕೆ ಮಂಡಿಯ ಸ್ನೇಹಿತರ ಮೂಲಕ ಪತ್ತೆ ಹಚ್ಚಿದೆವು. ಚನ್ನಗಿರಿ ಕಡೆಯ ಆ ಅಡಿಕೆ ತೋಟದ ಮನೆಯಲ್ಲಿ ಕಾರಿನ ನೆನಪು ಎಲ್ಲರಿಗೂ ಇತ್ತು, ಕಾಗದ ಮಾತ್ರ ಹಿರಿಯ ಸೊಸೆಯವರ ಹತ್ತಿರ ಇತ್ತು. ಅವರು ತಂದು ತೋರಿಸಿದ, ಮಾಲೀಕತ್ವದ ವರ್ಗಾವಣೆಯನ್ನು ತಿಳಿಸುವ ಫಾರಂ 29ರ ಪ್ರತಿಯ ಪ್ರಕಾರ ಗಾಡಿ 1999ರಲ್ಲಿ ಹೊಸದುರ್ಗದ ಒಂದು ಡ್ರೈವಿಂಗ್ ಸ್ಕೂಲಿಗೆ ಮಾರಾಟವಾಗಿತ್ತು. ಹೊಸದುರ್ಗವೆಂದರೆ ಚಿತ್ರದುರ್ಗ ಜಿಲ್ಲೆ. ಎಲ್ಲಿ ನೋಂದಣಿಯಾಗಿತ್ತೋ ಅದೇ ಜಿಲ್ಲೆಯ ರಿಜಿಸ್ಟರಿಗೆ ಗಾಡಿ ಸುತ್ತಿ ಬಂದು ಸೇರಿತ್ತು. ಸ್ಟೀರಿಂಗ್ ಗೇರಿನ ಫಿಯೆಟ್ ಡ್ರೈವಿಂಗ್ ಸ್ಕೂಲುಗಳಿಗೆ ಬಹುಕಾಲ ಒಗ್ಗಿದ ಗಾಡಿ. ಕಡಿಮೆ ಬೆಲೆಗೆ ಸಿಗುತ್ತಿತ್ತು, ಕಲಿಯುವವರು ಗುದ್ದಿದರೂ ದಪ್ಪ ತಗಡು ತಡೆಯುತ್ತಿತ್ತು.

ಹೊಸದುರ್ಗದ ಆ ಸ್ಕೂಲು ಮುಚ್ಚಿ ಬಹಳ ವರ್ಷಗಳಾಗಿವೆ, ನಡೆಸುತ್ತಿದ್ದವರೂ ತೀರಿಕೊಂಡಿದ್ದಾರೆ. ಗಾಡಿ ಅವರ ತೆಂಗಿನ ತೋಟದ ಶೆಡ್ಡಿನಲ್ಲಿ, ಕಾಯಿ ಸುಲಿದ ಮಟ್ಟೆಯ ರಾಶಿಯ ಹಿಂದೆ ನಿಂತಿತ್ತು. ಈಗಿನ ಬಣ್ಣ ಹಳದಿ. ‘ಎಲ್’ ಬೋರ್ಡಿನ ಕೆಂಪು ಅಕ್ಷರ ಬಾಗಿಲ ಮೇಲೆ ಇನ್ನೂ ಇತ್ತು. ಚಕ್ರಗಳಲ್ಲಿ ಗಾಳಿಯಿಲ್ಲ, ಎಡ ಮುಂಭಾಗದ ಮಡ್‌ಗಾರ್ಡಿನ ಕೆಳಗಂಚು ಮುಟ್ಟಿದರೆ ಉದುರುತ್ತಿತ್ತು. ಪ್ಲೇಟು ಇರಲೇ ಇಲ್ಲ. ಮಾಲೀಕರ ಮಗ ಮೊದಲು ನಮ್ಮನ್ನು ಗುಜರಿಯವರೆಂದೇ ತಿಳಿದಿದ್ದರು: ‘ಕಬ್ಬಿಣದ ಲೆಕ್ಕಕ್ಕೆ ಆದ್ರೆ ಕೊಡಲ್ಲ ಸಾರ್, ನಮ್ಮಪ್ಪ ಅನ್ನ ತಿಂದಿದ್ದು ಇದ್ರಿಂದ.’ ಅವರಿಗೆ ತಂದೆಯವರ ಫೈಲನ್ನು ತೋರಿಸಿದ ಮೇಲೆ ಮಾತಿನ ಧಾಟಿಯೇ ಬೇರೆಯಾಯಿತು.

ಈಗ ನಂಬರಿನ ಕೆಲಸ. ಈ ಕಾರಿಗೆ ಲಾರಿಗಿರುವಂಥ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಹಾಗಾಗಿ ನಂಬರನ್ನು ಬಾಡಿಯ ತಗಡಿಗೇ ಹೊಡೆದಿರುತ್ತಾರೆ. ಅದರ ಮೇಲೆ ಮೂರು ಪದರ ಬಣ್ಣವೂ ಎಣ್ಣೆ ಕೊಳೆಯೂ ಕೂತಿದ್ದವು. ಇಂಥಲ್ಲಿ ಎಮೆರಿ ಪೇಪರ್ ಅಥವಾ ಗ್ರೈಂಡರಿನ ವೈರ್ ವೀಲ್ ಮುಟ್ಟಿಸಲೇಬಾರದು. ಅಂಕಿಯ ಅಂಚು ಸವೆದರೆ ಗುರುತು ಕೆಡುವುದಲ್ಲದೆ, ನಂಬರನ್ನು ತಿದ್ದಲಾಗಿದೆ ಎಂಬ ಅನುಮಾನ ನಾಳೆ ಇನ್‌ಸ್ಪೆಕ್ಟರಿಗೆ ಬಂದರೆ ಅದನ್ನು ಅಳಿಸುವುದು ಕಷ್ಟ. ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಕೊಳೆ ತೆಗೆದು, ಆಮೇಲೆ ಪೇಂಟ್ ರಿಮೂವರನ್ನು ಬ್ರಷ್ಷಿನಿಂದ ಹಚ್ಚಿ, ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದ ಮೇಲೆ ಬಿದಿರಿನ ಚಕ್ಕೆಯಿಂದ ಎತ್ತಿದೆವು. ಹಳದಿಯ ಕೆಳಗೆ ಬಿಳಿ, ಬಿಳಿಯ ಕೆಳಗೆ ತಿಳಿ ಹಸಿರು. ಅಂಕಿಗಳ ತಳದಲ್ಲಿ ಉಳಿದದ್ದನ್ನು ಮೆತ್ತನೆಯ ಹಿತ್ತಾಳೆ ಬ್ರಷ್ಷಿನಿಂದ ಬಿಡಿಸಿ, ಥಿನ್ನರಿನಲ್ಲಿ ಒರೆಸಿ, ಕಾಗದ ಒತ್ತಿ ಪೆನ್ಸಿಲ್ ಉಜ್ಜಿದೆ. ಪ್ರತಿ ಹಂತವನ್ನೂ ಮಾಲೀಕರ ಮಗನ ಎದುರಿಗೇ ಮಾಡಿ ಫೋಟೊ ತೆಗೆಸಿಟ್ಟೆ. ಪಾರದರ್ಶಕ ಹಾಳೆಯನ್ನು ಮೇಲಿಟ್ಟಾಗ ವಾಲಿದ 7, ಎರಡು ಏಟಿನ 3, ಕೊನೆಯ ಅಂಕಿಗಳ ನಡುವಿನ ಹೆಚ್ಚಿನ ಜಾಗ, ಮೂರೂ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತವು.

ಎಂಜಿನ್ ನಂಬರ್ ಹೊಂದಲಿಲ್ಲ. ಸ್ಕೂಲಿನ ಕಾಲದಲ್ಲಿ ಬೇರೊಂದು ಪದ್ಮಿನಿಯ ಎಂಜಿನ್ ಇಳಿಸಿದ್ದರಂತೆ. ಆದರೆ ಗೇರ್ ಲಿಂಕೇಜನ್ನು ಬಿಚ್ಚಿ ನೋಡಿದಾಗ ಕಾಡಿ ತೆಗೆದ ಹಿತ್ತಾಳೆ ಬುಷ್ ಅಲ್ಲೇ ಇತ್ತು. ಡ್ಯಾಶ್‌ಬೋರ್ಡಿನ ಎಡಗಡೆ ತಂದೆಯವರು ಸಣ್ಣ ಫ್ಯಾನ್ ಕೂಡಿಸಲು ಹೊಡೆಸಿದ್ದ ಎರಡು ತೂತುಗಳೂ ಇದ್ದವು. ಇವನ್ನು ನಾನು ಸಂತೋಷದ ಸಾಕ್ಷಿಗಳೆನ್ನುತ್ತೇನೆ. ಚಾಸಿಸ್ ನಂಬರ್ ಹೊಂದದೆ ಇವಿಷ್ಟೇ ಹೊಂದಿದ್ದರೆ ಗಾಡಿಯನ್ನು ಒಪ್ಪುತ್ತಿರಲಿಲ್ಲ.

ಕೊಳ್ಳುವ ಮುಂಚೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ್ ಸಮನ್ವಯ್‌ನಲ್ಲಿ ಚಾಸಿಸ್ ಮತ್ತು ಎಂಜಿನ್ ನಂಬರ್ ಎರಡನ್ನೂ ಹಾಕಿ ಕಳವಿನ ದಾಖಲೆಯಿಲ್ಲವೆಂದು ಖಚಿತಪಡಿಸಿಕೊಂಡೆ. ಬೇರೆ ಗಾಡಿಯ ಎಂಜಿನ್ ಇಳಿಸಿದ ಕಾರಿಗೆ ಇದು ತೀರಾ ಅಗತ್ಯ. ನೋಂದಾಯಿತ ಮಾಲೀಕರು ತೀರಿಕೊಂಡಿರುವುದರಿಂದ ನೇರವಾಗಿ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳಲು ಬರುವುದಿಲ್ಲ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆಯಾಗಬೇಕು, ಆಮೇಲೆ ಅವರಿಂದ ನಮಗೆ. ಮಧ್ಯದ ಹಂತ ಬೇಡ, ಹಳೆಯ ತಾರೀಖು ಹಾಕಿ ಸಹಿ ಮಾಡಿಸಿಕೊಳ್ಳೋಣ ಎಂದು ಸಲಹೆ ಕೊಡುವ ಏಜೆಂಟರು ಎಲ್ಲ ಊರಿನಲ್ಲಿಯೂ ಇದ್ದಾರೆ. ಸತ್ತವರ ಸಹಿಯ ಮೇಲೆ ಗಾಡಿ ಕೊಂಡರೆ ಅದು ಎಂದಿಗೂ ನಮ್ಮದಾಗುವುದಿಲ್ಲ.

ಗಾಡಿಯನ್ನು ಕ್ಯಾಂಟರಿನ ಮೇಲೇರಿಸಿ ಹೊಳಲ್ಕೆರೆ, ಚಿತ್ರದುರ್ಗದ ಮಾರ್ಗವಾಗಿ ದಾವಣಗೆರೆಗೆ ತಂದೆವು. ಹಿಂದಿನ ಡ್ರಮ್ಮುಗಳಿಗೆ ಬ್ರೇಕ್ ಲೈನರ್ ತುಕ್ಕಿನಿಂದ ಅಂಟಿಕೊಂಡು ಚಕ್ರ ತಿರುಗದೆ ಇದ್ದುದರಿಂದ, ಏರಿಸುವ ಕೆಲಸವೇ ಅರ್ಧ ದಿನ ತಿಂದಿತು. ಡ್ರಮ್ಮಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರದ ಸುತ್ತಿಗೆಯಿಂದ ತಟ್ಟುತ್ತ ಬಿಡಿಸಬೇಕಾಯಿತು.

ಗ್ಯಾರೇಜಿನ ಹಿರಿಯರು ಎಂಜಿನ್ನಿಗೆ ಅವಸರದಿಂದ ಸೆಲ್ಫ್ ಹೊಡೆಯಲು ಬಿಡಲಿಲ್ಲ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಕಚ್ಚಿರುತ್ತವೆ, ಬಲವಂತ ಮಾಡಿದರೆ ರಿಂಗ್ ಮುರಿದು ಬೋರಿಗೆ ಗೀರು ಬೀಳುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಸುರಿದು ಬಿಟ್ಟರು. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸುತ್ತ ಹೋದರು. ಹಲವು ಸಲ ಏನೂ ಆಗದೆ, ಒಂದು ಸಲ ಕಿರ್ರೆಂದು ಫ್ಯಾನ್ ಅರ್ಧ ಸುತ್ತು ತಿರುಗಿತು. ಅಲ್ಲಿಂದ ಮುಂದೆ ಸುಲಭವಾಯಿತು. ಹಳೆಯ ಆಯಿಲನ್ನು ಇಳಿಸಿದಾಗ ಅದು ಕಪ್ಪಗಿತ್ತೇ ಹೊರತು ಹಾಲು ಬೆರೆತಂತೆ ಬೆಳ್ಳಗಾಗಿರಲಿಲ್ಲ. ಅಂದರೆ ಒಳಗೆ ನೀರು ಸೇರಿರಲಿಲ್ಲ.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಮೇಲೆ ಕುಳಿತ ಪಾಚಿಯಂಥ ಹಸಿರನ್ನು ಉಜ್ಜಿ, ಸಂದು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇಟ್ಟು, ಕಂಡೆನ್ಸರ್ ಹೊಸದು ಹಾಕಿದರು. ಪ್ಲಗ್ ವೈರುಗಳನ್ನು ಒಂದು, ಮೂರು, ನಾಲ್ಕು, ಎರಡು ಎಂಬ ಫೈರಿಂಗ್ ಆರ್ಡರಿನಲ್ಲಿ ಜೋಡಿಸಿದ ಮೇಲೆ, ಟ್ಯಾಂಕಿನ ಸಹವಾಸವೇ ಬೇಡವೆಂದು ಬಾಟಲಿಯಿಂದ ಕಾರ್ಬುರೇಟರಿಗೆ ನೇರ ಪೆಟ್ರೋಲ್ ಕೊಟ್ಟರು. ಎಂಜಿನ್ ಹಿಡಿಯಿತು. ಮೊದಲು ಮೂರು ಸಿಲಿಂಡರಿನಲ್ಲಿ ಕುಂಟುತ್ತ, ಬಿಳಿ ಹೊಗೆ ಉಗುಳಿ, ಆಮೇಲೆ ನಾಲ್ಕನೆಯದೂ ಸೇರಿಕೊಂಡಿತು. ಗ್ಯಾರೇಜಿಗೆ ಬಂದಿದ್ದ ತಂದೆಯವರು ಸದ್ದನ್ನು ಕೇಳಿ, ‘ಟ್ಯಾಪೆಟ್ ಬಡೀತೈತಿ, ಅದನ್ನ ನೋಡ್ರಿ. ಬ್ರೇಕ್ ಆಗೋವರೆಗೂ ಇವನ ಕೈಗೆ ಕೀಲಿ ಕೊಡಬ್ಯಾಡ್ರಿ’ ಎಂದು ಮೆಕ್ಯಾನಿಕ್‌ಗೆ ಹೇಳಿದರು.

ಬ್ರೇಕ್ ಕೆಲಸವೇ ಈಗ ದೊಡ್ಡದು. ಚಕ್ರದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರುಗಳ ಒಳಮೈ ತುಕ್ಕು ತಿಂದು ಕುಳಿ ಬಿದ್ದಿದೆ. ಹೊಸ ರಬ್ಬರ್ ಕಪ್ ಹಾಕಿದರೂ ಆಯಿಲ್ ಸೋರುತ್ತದೆ. ಅವನ್ನು ಲೇತಿನಲ್ಲಿ ಬೋರ್ ಮಾಡಿಸಿ ಹಿತ್ತಾಳೆಯ ಸ್ಲೀವ್ ಹಾಕಿಸುತ್ತಿದ್ದೇವೆ. ಪೆಟ್ರೋಲಿನ ದಾರಿಯಲ್ಲಿರುವ ರಬ್ಬರನ್ನೆಲ್ಲ ಬದಲಿಸುವುದು ಅನಿವಾರ್ಯ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್, ಐವತ್ತು ವರ್ಷದ ಹಿಂದಿನ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪಿನ ಡಯಾಫ್ರಮ್ ಮತ್ತು ಹೋಸ್‌ಗಳು ಎಥೆನಾಲ್ ತಡೆಯುವ ಗುಣಮಟ್ಟದ್ದೇ ಆಗಬೇಕು. ಎಡಗಡೆಯ ಡ್ರೈವಿಂಗ್ ಸ್ಕೂಲ್ ಪೆಡಲುಗಳನ್ನು ತೆಗೆದಿದ್ದೇವೆ. ಅವುಗಳಿಗಾಗಿ ಕೊರೆದಿದ್ದ ತೂತುಗಳಿಗೆ ರಬ್ಬರ್ ಗ್ರೋಮೆಟ್ ಹಾಕಿ ಮುಚ್ಚಿದರೆ ಸಾಕು, ನಂಬರಿನ ಹತ್ತಿರ ವೆಲ್ಡಿಂಗ್ ಬೇಡವೆಂದು ಟಿಂಕರಿಂಗ್‌ನವರಿಗೆ ಹೇಳಿದ್ದೇನೆ.

ನೋಂದಣಿಯ ವಿಷಯದಲ್ಲಿ ಎರಡು ದಾರಿಗಳಿದ್ದವು. ಐವತ್ತು ವರ್ಷ ದಾಟಿದ ಗಾಡಿಯನ್ನು 2021ರ ನಿಯಮಗಳಡಿ ವಿಂಟೇಜ್ ವಾಹನವಾಗಿ, ವಿಎ ಅಕ್ಷರವಿರುವ ಸಂಖ್ಯೆಯಲ್ಲಿ ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿಯಂಥ ಕೆಲಸಗಳಿಗೆ ಬಿಟ್ಟು ದಿನಬಳಕೆಗೆ ತೆಗೆಯುವಂತಿಲ್ಲ, ಅಲ್ಲದೆ ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲಿ ಇರಬೇಕೆಂಬ ಷರತ್ತಿದೆ. ಬೇರೆ ಎಂಜಿನ್ ಹೊತ್ತಿರುವ, ಹತ್ತಿರದ ಕೊಂಡಜ್ಜಿ ಊರಿನವರೆಗಾದರೂ ತಂದೆಯವರು ಓಡಿಸಬೇಕೆಂದಿರುವ ನಮ್ಮ ಗಾಡಿಗೆ ಅದು ಒಗ್ಗುವುದಿಲ್ಲ. ಆದ್ದರಿಂದ ಬ್ಯಾಕ್‌ಲಾಗ್ ಎಂಟ್ರಿ, ಎಂಜಿನ್ ಬದಲಾವಣೆಯ ನಮೂದು, ಬಾಕಿ ತೆರಿಗೆ, ಆಮೇಲೆ ಐದು ವರ್ಷದ ಸಾಮಾನ್ಯ ನವೀಕರಣ ಎಂಬ ಕ್ರಮವನ್ನು ಆರಿಸಿಕೊಂಡಿದ್ದೇವೆ. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ಮೀರಿದ ಕಾರಿನ ನವೀಕರಣಕ್ಕೆ 10,000 ರೂಪಾಯಿ ಆಗಿದೆ. ವಾರಸುದಾರರ ಫಾರಂ 31 ಸಲ್ಲಿಕೆಯಾಗಿದೆ. ಪೆಟ್ರೋಲ್ ಟ್ಯಾಂಕು ಒಳಗಿನ ತುಕ್ಕು ತೆಗೆಸಲು ರೇಡಿಯೇಟರ್ ಅಂಗಡಿಗೆ ಹೋಗಿದೆ. ಸ್ಲೀವ್ ಹಾಕಿದ ಸಿಲಿಂಡರುಗಳೂ ಅದೂ ಬಂದ ಮೇಲೆ ಬ್ರೇಕ್ ಬ್ಲೀಡಿಂಗ್ ಮಾಡಿ, ಅಂದರೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದು, ಗಾಡಿಯನ್ನು ಗ್ಯಾರೇಜಿನ ಅಂಗಳದಲ್ಲಿಯೇ ಮೊದಲು ಓಡಿಸಿ ನೋಡಬೇಕು.